ಇಜ್ಮೀರಿನ ವಿಮಾನಕ್ಕೆ ಮೂರನೆಯ ಕಾಫಿ ಇಲ್ಲ

ಬೊಸ್ನಿಯಾದ ರಾಜಧಾನಿ ಸರಾಯೆವೊದ ಸರ್ಕಾರಿ ಕಟ್ಟಡವೊಂದರಲ್ಲಿ ಬೆಳಗಿನ ಆರಕ್ಕೆ ಒಂದೇ ಒಂದು ಸದ್ದು ಕೇಳಿಸುತ್ತದೆ. ನಾಲ್ಕನೆಯ ಮಹಡಿಯಲ್ಲಿ, ಲಿಫ್ಟಿನ ಪಕ್ಕದ ಕಿರುಕೋಣೆಯೊಳಗೆ, ಜುಲ್ಸಾ ಹಿತ್ತಾಳೆಯ ಗಿರಣಿಯನ್ನು ಮೊಣಕಾಲುಗಳ ನಡುವೆ ಒತ್ತಿಕೊಂಡು ಕಾಫಿಬೀಜ ಬೀಸುತ್ತಿದ್ದಾರೆ. ಕರೆಂಟಿನ ಗಿರಣಿಯೂ ಇದೆ, ಇಲಾಖೆಯೇ ಕೊಡಿಸಿದ್ದು. ಅದರ ತಲೆಯ ಮೇಲೆ ಹೂವಿನ ಕುಂಡ ಕೂತಿದೆ.

"ಅದು ಬೀಸಲ್ಲ, ಕಿರುಚುತ್ತೆ. ಬೆಳಗ್ಗೆ ಬೆಳಗ್ಗೆ ಯಾಕೆ ಕಿರುಚಿಸ್ಕೊಬೇಕು? ಎಂಟಕ್ಕೆ ಸಾಹೇಬರುಗಳು ಬರ್ತಾರಲ್ಲ, ಆಮೇಲೆ ಅದು ಇದ್ದದ್ದೇ."

ಕೆಳಗೆ ಮೊದಲ ಟ್ರಾಮು ಕೀರಲು ಸದ್ದು ಮಾಡುತ್ತ ತಿರುಗುತ್ತಿದೆ. ನದಿಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಉದ್ದ ಹಿಡಿಯ ತಾಮ್ರದ ಜೆಜ್ವಾಗಳು ಗೋಡೆಯ ಮೊಳೆಗಳಲ್ಲಿ ತೂಗುತ್ತಿವೆ. ಅವುಗಳಲ್ಲೇ ಕಾಫಿ ಕಾಯುವುದು. ಕುಡಿಯುವ ಫಿಲ್ಜಾನ್‌ಗಳು, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳು, ಒದ್ದೆ ಬಟ್ಟೆಯ ಮೇಲೆ ಬೋರಲಾಗಿ ಮಲಗಿವೆ. ಬಾಗಿಲ ಹಿಂದೆ ಒಂದು ಕೈಚೀಲ. ಅದರೊಳಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ, ಅಂಚಿಗೆ ಕಸೂತಿಯಿರುವ ಬಿಳಿಯ ಮೇಜುಬಟ್ಟೆ. ಇದೇಕೆ ಎಂದರೆ, "ಇರಲಿ ಅಂತ ತಂದೆ" ಎಂದಷ್ಟೇ ಹೇಳಿ ಗಿರಣಿಯ ಹಿಡಿ ತಿರುಗಿಸುತ್ತಾರೆ.

ಈ ಮಹಡಿಯಲ್ಲಿ ನಡೆಯುವುದು ಆಕಾಶದ ವ್ಯವಹಾರ. ಯಾವುದಾದರೂ ವಿಮಾನ ಸಂಸ್ಥೆಗೆ ಹೊರದೇಶಕ್ಕೆ ಹೊಸ ದಾರಿ ಬೇಕೆಂದರೆ ಅರ್ಜಿ ಬಂದು ಬೀಳುವುದು ಇಲ್ಲಿಗೆ. ವಿಮಾನ ಇದ್ದರೆ ಸಾಲದು, ಹಾರಿಸುವವರಿದ್ದರೂ ಸಾಲದು. ಈ ಸರ್ಕಾರ ಆ ಸರ್ಕಾರವನ್ನು ಕೇಳಬೇಕು. ಅಲ್ಲಿಂದ ನಿಯೋಗ ಬರಬೇಕು. ಉದ್ದ ಮೇಜಿನ ಎರಡೂ ಬದಿಗೆ ಕೂತು ಯಾವ ಊರು, ಯಾರ ವಿಮಾನ, ವಾರಕ್ಕೆ ಎಷ್ಟು ಸಲ ಎಂದು ಒಪ್ಪಬೇಕು. ವಿಭಾಗದ ಮುಖ್ಯಸ್ಥ ವೇದ್ರನ್ ಇದನ್ನು ಜುಲ್ಸಾ ಅವರಿಗೆ ಹಿಂದೊಮ್ಮೆ ಬಿಡಿಸಿ ಹೇಳಿದ್ದುಂಟು: "ಖಾಲಿ ಕಾಣುತ್ತೆ ಅಂತ ಹಾರೋಕಾಗಲ್ಲ ಜುಲ್ಸಕ್ಕ, ಆಕಾಶಕ್ಕೂ ಮಾಲೀಕರಿದ್ದಾರೆ." ಜುಲ್ಸಾ ಅವರಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. "ನಮ್ಮೂರ ಬಾವಿಗೂ ಹಾಗೇ ಇದ್ರು," ಎಂದು ಲೋಟ ತೊಳೆಯಲು ಹೋದರಂತೆ.

ಯುದ್ಧ ಮುಗಿದು, ಕಿಟಕಿಗಳಿಗೆ ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ ಹೊಡೆದಿದ್ದ ಕಾಲದಿಂದ ಅವರು ಈ ಕೋಣೆಯಲ್ಲಿದ್ದಾರೆ. ಮಂತ್ರಿಗಳು ಬಂದರು, ಹೋದರು. ಪಕ್ಷಗಳು ಬಂದವು, ಅದೇ ಮಂತ್ರಿಗಳನ್ನು ಮತ್ತೆ ತಂದವು. ದಿನಕ್ಕೆ ನೂರರ ಮೇಲೆ ಫಿಲ್ಜಾನ್ ತುಂಬುತ್ತದೆ, ಮಾತುಕತೆಯ ದಿನ ಅದರ ಎರಡರಷ್ಟು. ಅವರ ಮೊಣಕೈ ನೋವು ಉದ್ಯೋಗದಷ್ಟೇ ಹಳೆಯದು. ಈ ಮಹಡಿಯಿಂದ ಹೊರಟ ಯಾವ ವಿಮಾನದಲ್ಲೂ ಅವರು ಕೂತಿಲ್ಲ, ಕೂರಬೇಕೆಂಬ ಆಸೆಯೂ ಇಲ್ಲ. "ನಾಲ್ಕನೇ ಮಹಡಿಯೇ ಸಾಕಾಗಿದೆ" ಎನ್ನುತ್ತಾರೆ.

ಆದರೆ ಒಂದು ದಾರಿಯ ಮೇಲೆ ಅವರಿಗೆ ಕಣ್ಣಿದೆ. ಇಲ್ಲಿಂದ ತುರ್ಕಿಯ ಇಜ್ಮೀರಿಗೆ.

ಅಕ್ಕ ಮೆವ್ಲಾ ಮದುವೆಯಾಗಿ ಇಜ್ಮೀರಿಗೆ ಹೋಗಿ ಒಂದು ತಲೆಮಾರೇ ಕಳೆಯಿತು. ಮೊದಲೆಲ್ಲ ಪ್ರತಿ ಸೆಪ್ಟೆಂಬರಿನಲ್ಲಿ ಬಸ್ಸು ಹತ್ತಿ ಮೂರು ಗಡಿ ದಾಟಿ ಬರುತ್ತಿದ್ದರು, ಊರಂಚಿನ ವೋಗೋಶ್ಚಾದಲ್ಲಿ ತಂಗಿ ಜುಲ್ಸಾ ಅವರ ಮನೆಯ ಹಿತ್ತಲಲ್ಲಿ ಪ್ಲಮ್ ಹಣ್ಣಿನ ಪಾಕ ಕಾಯಿಸುವುದಕ್ಕೆ. ದೊಡ್ಡ ಕಡಾಯಿ, ಹಗಲಿಡೀ ಸೌದೆಯ ಬೆಂಕಿ, ತಳ ಹಿಡಿಯದಂತೆ ಇಬ್ಬರು ಸರದಿಯಲ್ಲಿ ತಿರುವುತ್ತಲೇ ಇರಬೇಕು. ಈಗ ಮೆವ್ಲಾ ಅವರ ಮೊಣಕಾಲು ಬಸ್ಸು ಒಲ್ಲೆನೆನ್ನುತ್ತದೆ. ಇಸ್ತಾಂಬುಲಿನಲ್ಲಿ ವಿಮಾನ ಬದಲಿಸಿ ಬರಬಹುದಲ್ಲ ಎಂದರೆ ಅವರ ಉತ್ತರ ಸಿದ್ಧ: "ಆ ನಿಲ್ದಾಣದಲ್ಲಿ ಒಂದು ಬಾಗಿಲಿಂದ ಇನ್ನೊಂದು ಬಾಗಿಲಿಗೆ ನಡೆಯೋ ಬದಲು ನಡ್ಕೊಂಡೇ ಬೊಸ್ನಿಯಾಕ್ಕೆ ಬರಬಹುದು."

ಹೀಗಾಗಿ ಕಳೆದ ಸೆಪ್ಟೆಂಬರಿನ ಪಾಕಕ್ಕೆ ಜುಲ್ಸಾ ಒಬ್ಬರೇ. ಪತಿ ಸಾಕಿಬ್ ನಿವೃತ್ತ ಟ್ರಾಮ್ ಚಾಲಕರು. ಅವರನ್ನು ನಂಬಿ ಸೌಟು ಕೊಟ್ಟದ್ದೇ ತಪ್ಪಾಯಿತು. "ಸ್ಟಾಪು ಬಂದ ಹಾಗೆ ನಿಲ್ಲಿಸಿ ನಿಲ್ಲಿಸಿ ತಿರುವ್ತಾರೆ ಕಣ್ರೀ. ಮಾರ್ಕೆಟ್ ಸ್ಟಾಪಲ್ಲಿ ತಳ ಹಿಡೀತು." ಆ ಸೀದ ಪಾಕವನ್ನು ಚಳಿಗಾಲ ಪೂರ್ತಿ ಬಂದ ನೆಂಟರಿಗೆಲ್ಲ ತಿನ್ನಿಸಿ ಮುಗಿಸಿದ್ದಾರೆ. ಕೆಲವರು ಮತ್ತೆ ಬಂದಿಲ್ಲ.

ನೇರ ವಿಮಾನ ಬಿಟ್ಟರೆ ಅಕ್ಕ ಬರುತ್ತಾರೆ. ಬಿಡುವುದಕ್ಕೆ ಒಬ್ಬರು ತಯಾರಾಗಿಯೂ ಇದ್ದಾರೆ. ಇಜ್ಮೀರಿನ ಬಸ್ಸು ಓಡಿಸುತ್ತಿದ್ದ ರಾಗಿಬ್ ಬಸ್ಸುಗಳನ್ನು ಮಾರಿ, ಸಾಲ ಎತ್ತಿ, ಎರಡು ಸಣ್ಣ ವಿಮಾನ ತಂದು 'ಚಾಪ್ಲ್ಯಾ' ಎಂಬ ಸಂಸ್ಥೆ ಕಟ್ಟಿದ್ದಾರೆ. ಚಾಪ್ಲ್ಯಾ ಎಂದರೆ ಬಕಪಕ್ಷಿ. ಎರಡೂ ವಿಮಾನದ ಬಾಲಕ್ಕೆ ಬಕ ಬರೆಸಿದ್ದಾಗಿದೆ; ಒಂಟಿಕಾಲಲ್ಲಿ ನಿಂತ ಬಕ. ಇಜ್ಮೀರಿನ ಅನುಮತಿಗೆ ಅವರು ಅರ್ಜಿ ಹಾಕಿ ವರ್ಷ ದಾಟಿತು. ಅಷ್ಟು ತಡವಾದುದಕ್ಕೆ ಕಾರಣ ಯಾರು ಎಂದು ಈ ಮಹಡಿಯಲ್ಲಿ ಯಾರನ್ನೇ ಕೇಳಿದರೂ ಲಿಫ್ಟಿನ ಪಕ್ಕದ ಕೋಣೆಯತ್ತ ಬೆರಳು ತೋರಿಸಿ ನಗುತ್ತಾರೆ.

ನಡೆದದ್ದು ಇಷ್ಟು. ಇಲ್ಲಿ ಮನೆಗೆ ಬಂದವರಿಗೆ ಹಿಂದಿನಿಂದಲೂ ಮೂರು ಕಾಫಿ. ಮೊದಲನೆಯದು ಬನ್ನಿ ಎನ್ನುವುದಕ್ಕೆ. ಎರಡನೆಯದು ಮಾತಿಗೆ. ಮೂರನೆಯದು, ಇನ್ನು ಎದ್ದರೆ ಒಳ್ಳೆಯದು ಎನ್ನುವುದಕ್ಕೆ. ಈ ಮೂರನೆಯದರ ಹೆಸರು ಒಂದು ತುರ್ಕಿ ಬೈಗುಳದಿಂದ ಹುಟ್ಟಿದ್ದು, ಮನೆಮಂದಿ ಓದುವ ಪುರವಣಿಯಲ್ಲಿ ಅಚ್ಚು ಹಾಕುವಂಥದ್ದಲ್ಲ. ಅದು ಬರುವ ರೀತಿಯೂ ಬೇರೆ. ಮೊದಲೆರಡಕ್ಕೆ ಜೆಜ್ವಾ ಸಮೇತ ತಟ್ಟೆ ಬರುತ್ತದೆ, ಪಕ್ಕದಲ್ಲಿ ಲೋಕುಮ್ ಎಂಬ ಮೆತ್ತನೆಯ ಸಿಹಿ ಇರುತ್ತದೆ. ಮೂರನೆಯದು ಅಡುಗೆಮನೆಯಲ್ಲೇ ಫಿಲ್ಜಾನ್‌ಗೆ ಸುರಿದು ಬರುತ್ತದೆ, ಸಿಹಿಯಿಲ್ಲ. ಈಗಿನವರು ಇದನ್ನೆಲ್ಲ ಮರೆತು ಐದು ಕುಡಿದರೂ ಅಲ್ಲಾಡದೆ ಕೂರುತ್ತಾರೆ. ಆದರೆ ಜುಲ್ಸಾ ಅವರ ಕೈಗೆ ಅಭ್ಯಾಸ ಉಳಿದಿದೆ. ಸಭೆ ಮುಗಿಯಿತು ಎನ್ನಿಸಿದಾಗ ಕೊನೆಯ ಸುತ್ತು ಸಿಹಿಯಿಲ್ಲದೆ ಹೋಗುತ್ತದೆ.

ಸಭೆ ಮುಗಿಯಿತು ಎಂಬುದು ಅವರಿಗೆ ಗೊತ್ತಾಗುವುದು ಬಾಗಿಲ ಈಚೆಯಿಂದ, ಕುರ್ಚಿಗಳ ಸದ್ದಿನಿಂದ. ಕಳೆದ ಅಕ್ಟೋಬರಿನಲ್ಲಿ ತುರ್ಕಿಯ ನಿಯೋಗ ಬಂದಾಗ, ಎರಡನೆಯ ಸುತ್ತು ಮುಗಿದ ಸ್ವಲ್ಪ ಹೊತ್ತಿಗೆ ಒಳಗೆ ಕುರ್ಚಿಗಳೆಲ್ಲ ಒಟ್ಟಿಗೆ ಜರುಗಿದವು. ಜುಲ್ಸಾ ಕೊನೆಯ ಸುತ್ತು ಒಯ್ದರು. ನಿಜವಾಗಿ ಆದದ್ದೇನೆಂದರೆ, ಯಾರೋ ಕಿಟಕಿ ತೆರೆದರು, ಆ ಕಡೆಯ ಬಾಗಿಲೂ ತೆರೆದಿತ್ತು, ನಡುವೆ ಗಾಳಿ ಹಾಯಿತು. ಹಾಯುವ ಗಾಳಿ ಬೆನ್ನಿಗೆ ಬಡಿದರೆ ಸೊಂಟ ಹಿಡಿಯುತ್ತದೆ, ಹಲ್ಲು ನೋಯುತ್ತದೆ, ಆಯಸ್ಸೂ ಕುಗ್ಗುತ್ತದೆ ಎಂದು ಈ ದೇಶದಲ್ಲಿ ಪ್ರೊಫೆಸರರೂ ನಂಬುತ್ತಾರೆ. ಹಾಗಾಗಿ ವೇದ್ರನ್ ಮತ್ತು ಅವರ ಕಡೆಯವರೆಲ್ಲ ಗಾಳಿ ತಪ್ಪಿಸಲು ಕುರ್ಚಿ ಎಳೆದುಕೊಂಡು ಮೂಲೆಗೆ ಸರಿದಿದ್ದರು, ಅಷ್ಟೇ.

ಬೇರೆ ಯಾರೇ ಆಗಿದ್ದರೂ ಆ ಕಾಫಿ ಕುಡಿದು ಕೂತಿರುತ್ತಿದ್ದರು. ಆದರೆ ನಿಯೋಗದ ಮುಖ್ಯಸ್ಥ ಶೆವ್ಕೆತ್ ಬೇ ಅವರ ಅಜ್ಜಿ ಈ ಕಡೆಯವರು, ನೊವಿ ಪಝಾರಿನವರು. ಅವರು ಫಿಲ್ಜಾನ್ ನೋಡಿದರು. ಲೋಕುಮ್ ಇಲ್ಲದ ತಟ್ಟೆ ನೋಡಿದರು. ತಟ್ಟೆ ಹಿಡಿದು ನಿಂತ ಜುಲ್ಸಾ ಅವರನ್ನು ನೋಡಿದರು. ಕೋಟಿನ ಗುಂಡಿ ಹಾಕಿಕೊಂಡು, "ತುಂಬ ಹೊತ್ತು ಕೂತುಬಿಟ್ಟೆವು, ಮನ್ನಿಸಬೇಕು" ಎಂದು ಎದ್ದೇಬಿಟ್ಟರು. ಅವರ ಹಿಂದೆ ನಿಯೋಗವೆಲ್ಲ ಎದ್ದಿತು. ಜುಲ್ಸಾ ಮೆಟ್ಟಿಲವರೆಗೆ ಓಡಿದರು; ಲಿಫ್ಟು ಇಳಿದುಹೋಗಿತ್ತು.

"ಸಾರ್, ಅವರನ್ನ ನಾನೇ ಓಡಿಸಿದೆ ಅಂತ ಅವತ್ತೇ ಹೇಳ್ದೆ," ಎನ್ನುತ್ತಾರೆ ಜುಲ್ಸಾ. "ಕಾಫಿಯಿಂದ ಎಲ್ಲಾದ್ರೂ ವಿಮಾನ ನಿಲ್ಲುತ್ತಾ ಜುಲ್ಸಕ್ಕ ಅಂದ್ರು ಈ ಮಹಾನುಭಾವರು." ಆ ಮಹಾನುಭಾವರು, ಅಂದರೆ ವೇದ್ರನ್, ವಾರಕ್ಕೆ ಮೂರು ಹಾರಾಟ ಕೇಳಿದ್ದಕ್ಕೇ ನಿಯೋಗ ಮುನಿದಿದೆ ಎಂದುಕೊಂಡು ಚಳಿಗಾಲವೆಲ್ಲ ಸಮಜಾಯಿಷಿ ಕೊಟ್ಟರು. ಕೊನೆಗೊಂದು ದಿನ ಶೆವ್ಕೆತ್ ಬೇ ಫೋನಿನಲ್ಲಿ, "ನಿಮ್ಮ ಆ ತಾಯಿ ನಮ್ಮ ಮೇಲಿನ ಸಿಟ್ಟು ಬಿಟ್ಟರೇ?" ಎಂದು ಮೆಲ್ಲಗೆ ಕೇಳಿದಾಗ ಗುಟ್ಟು ಹೊರಬಿತ್ತು. ಮೆವ್ಲಾ ಅವರ ಕಿವಿಗೂ ಬಿತ್ತು. "ಸ್ವಂತ ಅಕ್ಕನ ವಿಮಾನಾನೇ ಕಾಫಿ ಕೊಟ್ಟು ಓಡಿಸಿದ್ಯಲ್ಲೇ! ನಾನು ಬಂದ್ರೆ ಕಾಲು ಮುರೀತೀಯೋ ಏನೋ." ಅದಾದ ಮೇಲೆ ಪ್ರತಿ ಭಾನುವಾರದ ಫೋನೂ ಇದೇ ಮಾತಿನಿಂದ ಶುರು.

ಇವತ್ತು ಅದೇ ನಿಯೋಗ ಮತ್ತೆ ಬರುತ್ತಿದೆ. ಇದು ಏಪ್ರಿಲ್. ಇವತ್ತು ಒಪ್ಪಿದರೆ ಬೇಸಿಗೆಗೆ ವಿಮಾನ, ಸೆಪ್ಟೆಂಬರಿಗೆ ಅಕ್ಕ. ಇಲ್ಲವೆಂದರೆ ಮುಂದಿನ ವರ್ಷದ ಮಾತು, ಮತ್ತು ಸಾಕಿಬರ ಕೈಗೆ ಸೌಟು.

ಒಂಬತ್ತಕ್ಕೆ ಒಳಗೆ ಮಾತು ಶುರುವಾಗುತ್ತದೆ. ಅರ್ಜಿ ಹಾಕಿದ ರಾಗಿಬ್‌ಗೆ ಒಳಗೆ ಜಾಗವಿಲ್ಲ. ಅದು ಸರ್ಕಾರ-ಸರ್ಕಾರದ ಮಾತು. ಅವರು ಹೊಸ ಸೂಟು ತೊಟ್ಟು ಜುಲ್ಸಾ ಅವರ ಕೋಣೆಯ ಸ್ಟೂಲಿನ ಮೇಲೆ ಕೂತು ಲೋಕುಮ್ ಖಾಲಿ ಮಾಡುತ್ತಿದ್ದಾರೆ.

"ಅದು ಅತಿಥಿಗಳಿಗೆ ಕಣಯ್ಯ."

"ನಾನೇನು ಕಳ್ಳನಾ? ಎರಡು ವಿಮಾನದ ಯಜಮಾನ."

"ನಿನ್ನ ಬಸ್ಸಲ್ಲಿ ಕೂತು ಕೂತೇ ನಮ್ಮಕ್ಕನ ಮೊಣಕಾಲು ಹೋಗಿದ್ದು."

"ಅದಕ್ಕೇ ತಾನೇ ವಿಮಾನ ತಂದಿದ್ದು ಮಹರಾಯ್ತಿ! ನೀನು ಅದನ್ನೂ ಓಡಿಸ್ದೆ. ನನಗೆ ಎಷ್ಟನೇ ಕಾಫಿ ಇದು?"

"ಎಣಿಸ್ಬೇಡ. ನಿನಗೆ ಮೂರನೇದು ಯಾವಾಗ್ಲೋ ಕೊಡ್ಬೇಕಿತ್ತು."

ಮೊದಲ ಸುತ್ತು ಹೋಗುತ್ತದೆ. ಖಾಲಿ ಜೆಜ್ವಾದಲ್ಲಿ ಪುಡಿಯನ್ನು ಒಂದಿಷ್ಟು ಬೆಚ್ಚಗೆ ಮಾಡಿ, ಕುದಿನೀರು ಸುರಿದು, ಉಕ್ಕಿ ಬಂದದ್ದನ್ನು ಅಂಚಿನಲ್ಲೇ ಹಿಡಿದು ಇಳಿಸುತ್ತಾರೆ. ಕೆನೆ ಒಡೆಯಬಾರದು. ಎರಡನೆಯ ಸುತ್ತೂ ಹೋಗುತ್ತದೆ. ಒಳಗೆ ಮಾತು ವಾರಕ್ಕೆ ಎಷ್ಟು ಸಲ ಎಂಬಲ್ಲಿ ಬಂದು ನಿಂತಿದೆ. ವೇದ್ರನ್ ಮೂರು ಎನ್ನುತ್ತಾರೆ, ನಿಯೋಗ ಒಂದು ಎನ್ನುತ್ತದೆ. ಗಂಟೆ ಹನ್ನೆರಡಾಗುತ್ತದೆ, ದನಿಗಳು ಒಣಗುತ್ತವೆ. ನಿಯೋಗಕ್ಕೆ ಸಂಜೆ ವಾಪಸು ಹೊರಡಬೇಕಿದೆ. ಬಾಗಿಲು ಅರ್ಧ ತೆರೆಯುತ್ತದೆ. ವೇದ್ರನ್ ಕತ್ತು ಚಾಚುತ್ತಾರೆ.

"ಜುಲ್ಸಕ್ಕ, ಎಲ್ಲರೂ ತೂಕಡಿಸ್ತಿದ್ದಾರೆ. ಇನ್ನೊಂದು ಸುತ್ತು ಕಾಫಿ ಕಳಿಸಿ, ಬೇಗ."

"ಸಾರ್, ಅದು ಮೂರನೇದಾಗುತ್ತೆ."

ವೇದ್ರನ್ ಮುಖ ಬಿಳಿಚಿಕೊಳ್ಳುತ್ತದೆ. ಕೊಡದಿದ್ದರೆ ಅತಿಥಿಗಳು ಸುಸ್ತಾಗಿ ಏಳುತ್ತಾರೆ. ಕೊಟ್ಟರೆ ಮರ್ಯಾದೆಗೆ ಏಳುತ್ತಾರೆ. "ಲೋಕುಮ್ ಇಟ್ಟು ಕೊಡಿ."

"ಇಟ್ರೂ ಮೂರು ಮೂರೇ. ಅವರಜ್ಜಿ ಎಣಿಸೋದು ಕಲಿಸಿದ್ದಾರೆ."

"ಚಹಾ ಕೊಡೋಣ," ಎನ್ನುತ್ತಾರೆ ರಾಗಿಬ್.

"ನಮ್ಮಲ್ಲಿ ಚಹಾ ಕಾಯಿಲೆಯವರಿಗೆ. ಕೊಟ್ರೆ ಯಾರಿಗೆ ಜ್ವರ ಅಂತ ಕೇಳ್ತಾರೆ," ಎಂದು ಜುಲ್ಸಾ ಕೈ ಒರೆಸಿಕೊಂಡು ಬಾಗಿಲ ಹಿಂದಿನ ಚೀಲಕ್ಕೆ ಕೈ ಹಾಕುತ್ತಾರೆ.

ಆ ಮೇಜುಬಟ್ಟೆ ಅವರ ತಾಯಿಯದು. ಯುದ್ಧದಲ್ಲಿ ಊರಿಗೆ ಮುತ್ತಿಗೆ ಬಿದ್ದಿದ್ದ ವರ್ಷಗಳಲ್ಲಿ ನೆರೆಯವರೆಲ್ಲ ಕಿಟಕಿಯಿಲ್ಲದ ನಡುಮನೆಗೆ ಬಂದು ಕೂರುತ್ತಿದ್ದರು. ಕಾಫಿ ಸಿಗುತ್ತಿರಲಿಲ್ಲ, ಮಸೂರ ಬೇಳೆ ಹುರಿದು ಬೀಸಿ ಅದನ್ನೇ ಕಾಫಿ ಎನ್ನುತ್ತಿದ್ದರು. "ಎರಡಾದ ಮೇಲೆ ಏನ್ಮಾಡೋದು? ಮೂರನೇದು ಕೊಟ್ರೆ ಹೋಗಿ ಅಂದ ಹಾಗೆ, ಹೊರಗೆ ಗುಂಡು. ಕೊಡದೇ ಇದ್ರೆ ಅವರಿಗೇ ಸಂಕೋಚ, ಜಾಸ್ತಿ ಹೊತ್ತು ಕೂತ್ವಿ ಅಂತ. ಅದಕ್ಕೆ ಅಮ್ಮ ಬಟ್ಟಲೆಲ್ಲ ಎತ್ತಿ, ಮೇಜುಬಟ್ಟೆ ತೆಗೆದು ಬೇರೆ ಹಾಸಿ, ಬಾಗಿಲಾಚೆ ಹೋಗಿ ಬಂದು, 'ಅಯ್ಯೋ, ಯಾವಾಗ ಬಂದ್ರಿ?' ಅಂತಿದ್ಲು. ಮತ್ತೆ ಮೊದಲನೇದರಿಂದ ಶುರು. ಪಕ್ಕದ ಮನೆ ಅಬೀದಾ ಒಂದೊಂದು ದಿನ ನಾಲ್ಕು ಸಲ ಬಂದಿದ್ದಾಳೆ, ಒಂದು ಸಲಾನೂ ಹೋಗದೆ!"

ಈಗ ಜುಲ್ಸಾ ಬಾಗಿಲು ತಳ್ಳಿ ಒಳಹೋಗುತ್ತಾರೆ. ಎರಡು ದೇಶಗಳ ಕಾಗದಪತ್ರ ಹರಡಿಕೊಂಡ ಮೇಜಿನ ತಲೆಗೆ ನಿಂತು, "ಸ್ವಲ್ಪ ಎತ್ಕೊಳ್ಳಿ" ಎನ್ನುತ್ತಾರೆ. ಅಡುಗೆಮನೆಯ ದನಿ ಅದು. ಎಲ್ಲರೂ ಕಾಗದಗಳನ್ನು ಎದೆಗವಚಿಕೊಂಡು ಏಳುತ್ತಾರೆ. ಇಲಾಖೆಯ ಹಸಿರು ಹೊದಿಕೆ ಮುದುಡಿ ಹೋಗುತ್ತದೆ, ತಾಯಿಯ ಬಿಳಿ ಬಟ್ಟೆ ಹರಡುತ್ತದೆ. ಉದ್ದ ಮೇಜಿಗೆ ಅದು ಅರ್ಧಕ್ಕೇ ಸಾಲುತ್ತದೆ. ಪರವಾಗಿಲ್ಲ, ಶೆವ್ಕೆತ್ ಬೇ ಕೂರುವ ಅರ್ಧವನ್ನು ಮುಚ್ಚಿದೆ. ಹಳೆಯ ಫಿಲ್ಜಾನ್‌ಗಳನ್ನು ಎತ್ತಿಕೊಂಡು ಹೊರಬರುತ್ತಾರೆ, ಬಾಗಿಲು ಎಳೆದುಕೊಳ್ಳುತ್ತಾರೆ. ಹೊರಗೆ ರಾಗಿಬ್ ಕೈ ಕೈ ಹಿಸುಕಿಕೊಳ್ಳುತ್ತಿದ್ದಾರೆ. ಜೆಜ್ವಾ ಉಕ್ಕಿ ಇಳಿಯುವಷ್ಟು ಹೊತ್ತು ಹೀಗೇ.

ಆಮೇಲೆ ಜುಲ್ಸಾ ಬಾಗಿಲು ತಟ್ಟುತ್ತಾರೆ. ತಟ್ಟೆ ಹಿಡಿದು, ಲೋಕುಮ್ ತುಂಬಿಸಿಕೊಂಡು ಒಳಬರುತ್ತಾರೆ.

"ಅಯ್ಯೋ, ಬನ್ನಿ ಬನ್ನಿ! ಯಾವಾಗ ಬಂದ್ರಿ? ದಾರೀಲಿ ತೊಂದರೆ ಆಗ್ಲಿಲ್ವಲ್ಲ?"

ವೇದ್ರನ್ ಛಾವಣಿ ನೋಡುತ್ತಾರೆ. ಶೆವ್ಕೆತ್ ಬೇ ಆ ಬಿಳಿ ಬಟ್ಟೆಯನ್ನು ನೋಡುತ್ತಾರೆ, ಲೋಕುಮ್ ನೋಡುತ್ತಾರೆ. ನಿಧಾನಕ್ಕೆ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಅಜ್ಜಿಯಿಂದ ಕಲಿತ ಹಳೆಯ ಬೊಸ್ನಿಯನ್‌ನಲ್ಲಿ ಉತ್ತರ ಕೊಡುತ್ತಾರೆ:

"ಈಗ ತಾನೇ ಬಂದೆವು ತಾಯಿ. ಇನ್ನೂ ದಾರಿಯ ದಣಿವೂ ಆರಿಲ್ಲ."

"ಮನೇಲೆಲ್ಲ ಚೆನ್ನಾಗಿದ್ದಾರಾ?"

"ದೇವರ ದಯೆ. ನಿಮ್ಮವರು?"

"ಎಲ್ಲಾ ಚೆನ್ನಾಗಿದ್ದಾರೆ. ಅಕ್ಕನ ಮೊಣಕಾಲು ಮಾತ್ರ ಸ್ವಲ್ಪ," ಎಂದು ಫಿಲ್ಜಾನ್ ತುಂಬಿಸುತ್ತ, "ಇಜ್ಮೀರಿನಲ್ಲಿದ್ದಾಳೆ" ಎನ್ನುತ್ತಾರೆ. ಇಷ್ಟು ವರ್ಷದ ಸೇವೆಯಲ್ಲಿ ಸಭೆಯೊಳಗೆ ಅವರು ಆಡಿದ ಅತಿ ಉದ್ದದ ಮಾತು ಇದೇ ಇರಬೇಕು.

ಬಂದ ತಕ್ಷಣ ಯಾರೂ ಜಗಳವಾಡುವಂತಿಲ್ಲ. ಅದೂ ಇಲ್ಲಿನ ಮರ್ಯಾದೆ. ಹಾಗಾಗಿ ಎರಡೂ ಕಡೆಯವರು ಕಾಲು ಗಂಟೆ ಮೊಣಕಾಲಿನ ವಿಚಾರ ಮಾತಾಡುತ್ತಾರೆ. ನಿಯೋಗದ ಒಬ್ಬರ ಅತ್ತೆಗೂ ಅದೇ ತೊಂದರೆ. ಮೂಲೆಯಲ್ಲಿದ್ದವರು ಯಾವುದೋ ಎಲೆಯ ಪಟ್ಟು ಹೇಳಿಕೊಡುತ್ತಾರೆ. ಅಲ್ಲಿಂದ ಮಾತು ಬಸ್ಸಿಗೆ, ಬಸ್ಸಿನಿಂದ ವಿಮಾನಕ್ಕೆ ತಾನಾಗಿಯೇ ಹತ್ತುತ್ತದೆ. ಎರಡು ಗಂಟೆಯ ಹೊತ್ತಿಗೆ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ಎಂದು ತೀರ್ಮಾನವಾಗಿ, ಜನ ತುಂಬಿದರೆ ಮೂರನೆಯದರ ಮಾತು ಆಮೇಲೆ ಎಂದು ಇಬ್ಬರೂ ಸಹಿ ಹಾಕುತ್ತಾರೆ. ಸುದ್ದಿ ಕೇಳಿದ ರಾಗಿಬ್ ಸ್ಟೂಲಿನಿಂದ ಎದ್ದು ಗೋಡೆಯ ಜೆಜ್ವಾಗಳಿಗೆ ತಲೆ ಬಡಿಸಿಕೊಳ್ಳುತ್ತಾರೆ. ಮತ್ತೆ ಕೂತು ಸ್ವಲ್ಪ ಅಳುತ್ತಾರೆ, ಆಮೇಲೆ ಉಳಿದ ಲೋಕುಮ್ ತಿನ್ನುತ್ತಾರೆ.

ಒಪ್ಪಂದಕ್ಕೂ ಮೇಜುಬಟ್ಟೆಗೂ ಸಂಬಂಧವಿಲ್ಲ ಎನ್ನುತ್ತಾರೆ ವೇದ್ರನ್. "ಅಂಕಿ ಅಂಶ ನಮ್ಮ ಕಡೆ ಇತ್ತು." ಅಂಕಿ ಅಂಶ ಅಕ್ಟೋಬರಿನಲ್ಲೂ ಇದೇ ಕಡೆ ಇತ್ತು ಎಂದು ಯಾರೋ ನೆನಪಿಸಿದರೆ ಅವರಿಗೆ ತುರ್ತು ಫೋನು ಬರುತ್ತದೆ. ಜುಲ್ಸಾ ಅವರ ಮತವೂ ಹೆಚ್ಚುಕಡಿಮೆ ಅದೇ. "ಸಹಿ ಹಾಕಿದ್ದು ಅವರು. ನಾನು ಹೊತ್ತು ಕೊಟ್ಟೆ, ಅಷ್ಟೇ." ಮಂತ್ರಿಗಳ ಒಪ್ಪಿಗೆ ಇನ್ನೂ ಬೀಳಬೇಕು. ಅವರ ಬಗ್ಗೆ ಜುಲ್ಸಾ ಅವರಿಗೆ ಚಿಂತೆಯಿಲ್ಲ. "ಅವರಿಗೆ ಎಷ್ಟನೇ ಕಾಫಿ ಕೊಟ್ರೂ ಏಳೋ ಪೈಕಿ ಅಲ್ಲ."

ಕೈ ಕುಲುಕಾಟ ಮುಗಿದ ಮೇಲೆ ಕೊನೆಯ ಸುತ್ತು ಒಳಹೋಗುತ್ತದೆ. ಮೊದಲೇ ಸುರಿದು ತಂದದ್ದು, ಲೋಕುಮ್ ಇಲ್ಲ. ತಟ್ಟೆ ತನ್ನೆದುರು ಬಂದಾಗ ಶೆವ್ಕೆತ್ ಬೇ ಕತ್ತೆತ್ತುತ್ತಾರೆ. "ಈಗ ಹೋಗಬಹುದೇ ತಾಯಿ?"

"ಈಗ ಹೋಗ್ಬನ್ನಿ," ಎನ್ನುತ್ತಾರೆ ಜುಲ್ಸಾ.

ಸಂಜೆ ವೋಗೋಶ್ಚಾದ ಹಿತ್ತಲಲ್ಲಿ ಪ್ಲಮ್ ಮರಗಳು ಬಿಳಿ ಹೂ ಬಿಟ್ಟು ನಿಂತಿವೆ. ಸಾಕಿಬ್ ಕಡಾಯಿಯ ತಳಕ್ಕಂಟಿದ ಕಪ್ಪನ್ನು ಈ ವರ್ಷವೂ ಉಜ್ಜುತ್ತಿದ್ದಾರೆ. ಮೇಜುಬಟ್ಟೆಯ ಮೇಲೆ ನಿಯೋಗದ ಯಾರೋ ಅಧಿಕಾರಿ ಚೆಲ್ಲಿದ ಕಾಫಿಯ ಕಲೆಯಿದೆ. ಅದನ್ನು ತಣ್ಣೀರಲ್ಲಿ ನೆನೆಸಿಟ್ಟು ಜುಲ್ಸಾ ಫೋನು ಹಿಡಿದು ಕೂತಿದ್ದಾರೆ. ಆ ಕಡೆಯಿಂದ ಅಕ್ಕನ ದನಿ ಅಂಗಳಕ್ಕೆಲ್ಲ ಕೇಳುತ್ತದೆ.

"ನಿಜವಾ? ಮತ್ತೆ ಓಡಿಸ್ಲಿಲ್ಲ ತಾನೇ?"

"ಇಲ್ಲ ಕಣೇ. ಸೆಪ್ಟೆಂಬರಿಗೆ ಬಾ. ಕಡಾಯಿ ಉಜ್ಜಿಸ್ತಾ ಇದೀನಿ."

"ಬರ್ತೀನಿ. ಬಂದ್ರೆ ಎಷ್ಟು ದಿನ ಇಟ್ಕೋತೀಯ? ಮೊದಲೇ ಹೇಳಿಬಿಡು. ನಿನ್ನ ಮೂರನೇ ಕಾಫಿ ನಂಬೋ ಹಾಗಿಲ್ಲ."

ಜುಲ್ಸಾ ನೀರಲ್ಲಿ ನೆನೆಯುತ್ತಿರುವ ಬಿಳಿ ಬಟ್ಟೆಯತ್ತ ನೋಡುತ್ತಾರೆ.

"ಮನೇಲಿ ಮೇಜುಬಟ್ಟೆ ಬೇಕಾದಷ್ಟಿವೆ. ನೀನು ಬಾ."